ಗೋಡೆ ಹೇಳಿದ್ದು

2019ರ ಆಗಸ್ಟಿನ ಮಳೆಯನ್ನು ಮಲೆನಾಡಿನವರು ಯಾರೂ ಮರೆತಿರಲಾರರು. ಸಾಗರದ ನಮ್ಮ ಮನೆಯ ಪಡುವಣ ಕೋಣೆ ಅತ್ತೆಯವರದು. ಅವರದು ಒಂದೇ ಮಾತು: “ಗೋಡೆ ಬೆವರ್ತಾ ಇದೆ ಕಣೇ, ಮುಟ್ಟಿ ನೋಡು.” ನಾನು ಮುಟ್ಟಿದ ಶಾಸ್ತ್ರ ಮಾಡಿ, “ಮಳೆಗಾಲ ಅಲ್ವಾ ಅತ್ತೆ, ಎಲ್ಲಾ ತಣ್ಣಗೇ ಇರುತ್ತೆ” ಎಂದು ಇನ್ನೊಂದು ಕಂಬಳಿ ಹೊದಿಸಿ ಬರುತ್ತಿದ್ದೆ. ಅವರ ಕೆಮ್ಮನ್ನೂ 80ರ ವಯಸ್ಸಿನ ಲೆಕ್ಕಕ್ಕೇ ಬರೆದುಬಿಟ್ಟಿದ್ದೆವು.

ದೀಪಾವಳಿಗೆ ಬಣ್ಣ ಹೊಡೆಸೋಣವೆಂದು ಮಂಚ ಸರಿಸಿದರೆ, ಗೋಡೆಯ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಅದರಡಿ ಕಪ್ಪು ಬೂಷ್ಟು. ಅತ್ತೆಯ ದಿಂಬು ಅಲ್ಲಿಂದ ಗೇಣುದೂರ!

ಮೇಸ್ತ್ರಿ ಒಳಗೆ ಇಣುಕಿದವರೇ, “ಬಣ್ಣ ಆಮೇಲೆ, ಹೊರಗೆ ಬನ್ನಿ ಅಮ್ಮಾ” ಎಂದರು. ಕರಣೆಯ ಹಿಡಿಯಿಂದ ಗೋಡೆಯನ್ನು ಕುಟ್ಟುತ್ತಾ ಕಿವಿಗೊಟ್ಟು ನಡೆದರು. ನಾವು ಸಂತೆಯಲ್ಲಿ ತೆಂಗಿನಕಾಯಿ ಬಡಿದು ನೋಡುತ್ತೇವಲ್ಲ, ಹಾಗೆಯೇ. ಗಟ್ಟಿ ಇದ್ದಲ್ಲಿ ‘ಟಕ್’, ಗಾರೆ ಬಿಟ್ಟುಕೊಂಡಲ್ಲಿ ‘ಡಬ್’. ಕಿಟಕಿಯ ಮೂಲೆಯಿಂದ ಕೂದಲೆಳೆಯಂಥ ಬಿರುಕೊಂದು ಓರೆಯಾಗಿ ಇಳಿದಿತ್ತು. ಸಜ್ಜದ ತಳದಂಚಿಗೆ ಗೀರು ಇಲ್ಲದ್ದರಿಂದ ನೀರು ತೊಟ್ಟಿಕ್ಕದೆ ಗೋಡೆಗೇ ಹರಿದಿತ್ತು. ಕೆಳಗೆ ಉಪ್ಪು ಚೆಲ್ಲಿದಂಥ ಬಿಳುಪು. ನೀರು ಕಲ್ಲಿನ, ಗಾರೆಯ ಲವಣವನ್ನು ಕರಗಿಸಿ ತಂದು, ಆರುವಾಗ ಹೊರಗೆ ಬಿಟ್ಟುಹೋಗುತ್ತದಂತೆ.

ಅಂದಕ್ಕೆಂದು ಹಳೆಯ ಸುಣ್ಣದ ಗಾರೆ ಕೆತ್ತಿಸಿ ಸಿಮೆಂಟು ಬಳಿಸಿದವರೂ ನಾವೇ. ಜಂಬಿಟ್ಟಿಗೆ ನೀರು ಹೀರುವ ಕಲ್ಲು. ಸುಣ್ಣವಾಗಿದ್ದರೆ ತೇವ ಮೆಲ್ಲಗೆ ಹೊರಗೆ ಆರಿಹೋಗುತ್ತಿತ್ತು. ಸಿಮೆಂಟಿನಲ್ಲಿ ಅಷ್ಟು ಸುಲಭವಲ್ಲ. ಬಿರುಕಿನಿಂದ ಒಳಹೊಕ್ಕ ನೀರು ಅತ್ತೆಯ ಕಡೆಗೇ ದಾರಿ ಮಾಡಿಕೊಂಡಿತ್ತು.

ಕೊನೆಗೆ ಮೇಸ್ತ್ರಿ ನನ್ನ ಡೇರೆ ಹೂವಿನ ಪಾತಿಯ ಮುಂದೆ ನಿಂತರು. ಗೋಡೆಗೆ ಒತ್ತಿಸಿ ಮೊಳದೆತ್ತರ ಮಣ್ಣು ಏರಿಸಿದ್ದೆ. “ಇದು ಯಾರ ಕೆಲಸ?” ನಾನು ಸೆರಗು ಸರಿಮಾಡಿಕೊಂಡೆ.

ಅತ್ತೆಯ ಮಂಚ ಅಂದೇ ನಡುಮನೆಗೆ ಬಂತು. ಟೊಳ್ಳು ಸಿಮೆಂಟು ಕೆಡವಿಸಿ, ಬೇಸಿಗೆಯವರೆಗೂ ಬರಿಗೋಡೆ ಆರಲು ಬಿಟ್ಟು, ಮತ್ತೆ ಸುಣ್ಣದ ಗಾರೆಯನ್ನೇ ಮಾಡಿಸಿದೆವು. ನೋಡಿದವರು ದುಡ್ಡು ಹೆಚ್ಚಾಯಿತೇ ಎಂದರು. ನಮ್ಮ ಯಜಮಾನರಂತೂ ಲೆಕ್ಕದ ಪುಸ್ತಕವನ್ನೇ ಮುಚ್ಚಿಟ್ಟರು.

ಪಾತಿ ಅಗೆದ ಸಂಜೆ ಅತ್ತೆಯ ಕಾಲ ಬಳಿ ಕುಳಿತು, “ನೀವು ಹೇಳಿದ್ದೇ ಸರಿ ಅತ್ತೆ” ಎಂದೆ.

“ಮೂರು ಮಳೆಗಾಲದಿಂದ ಹೇಳ್ತಿದ್ದೆ” ಎಂದವರು, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: “ಡೇರೆ ಗೆಡ್ಡೆ ಜೋಪಾನವಾಗಿ ತೆಗೆದಿಟ್ಟೆಯಾ?”