ಸೂಳೆಕೆರೆ ಡೈರಿ, ಭಾಗ 7: ಅಣ್ಣನ ರೈಫಲ್‌ಗೆ ಎರಡು ಕಾಲು

ಮೊದಲ ಫೋಟೋ ಸ್ಟೋರಿಗೆ ಹಾಕಿದ ತಕ್ಷಣ "ಲೋ, ಕೆರೆ ಹಕ್ಕಿ ಹೊಡಿಯಾಕ್ ಹೊಂಟ್ಯಾ?" ಅಂತ ಮೂರು ಜನ ಕೇಳಿದ್ರಿ. ಇಲ್ಲಪ್ಪ. ಹಕ್ಕಿನೂ ಇಲ್ಲ, ಗುಡ್ಡದ ಮೊಲನೂ ಇಲ್ಲ. 1972ರ ವನ್ಯಜೀವಿ ಕಾಯ್ದೆಗೆ ಏರ್ ಗನ್, ನಾಡಬಂದೂಕು ಅನ್ನೋ ಭೇದ ಇಲ್ಲ. ಜಗಳೂರಿನವರಿಗೆ ನಾನು ಹೇಳಬೇಕಾಗೇ ಇಲ್ಲ, ನಿಮ್ಮ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆ ಅಂತಲೇ ವನ್ಯಧಾಮ ಇದೆ. ನಮ್ಮದು ಹಿತ್ತಲು, ಹಿಂದೆ ಮರಳಿನ ಮೂಟೆ, ಹತ್ತು ಮೀಟರ್ ಆಚೆ ಒಂದು ಕಾಗದ. ಅಷ್ಟೇ.

ಈ ರೈಫಲ್ ನಮ್ಮ ದೊಡ್ಡಪ್ಪನ ಮಗ ಅಣ್ಣನದು. ಕಾಲೇಜಲ್ಲಿ ಎನ್‌ಸಿಸಿಯಲ್ಲಿದ್ದಾಗ ಹತ್ತಿದ ಹುಚ್ಚು. ಬೈಕ್ ಆಕ್ಸಿಡೆಂಟ್ ಆದಮೇಲೆ ಅವನ ಎಡಗೈಗೆ ಭಾರ ಎತ್ತೋ ಶಕ್ತಿ ವಾಪಸ್ ಬರಲಿಲ್ಲ. ಬಲಗೈಯಲ್ಲಿ ಟ್ರಿಗರ್ ಒತ್ತೋರಿಗೆ ರೈಫಲ್ ಹೊರೋದು ಎಡಗೈನೇ ಅಲ್ವಾ. "ಮಾರಿಬಿಡ್ರೋ ಅದನ್ನ, ನೋಡಿದ್ರೆ ಹೊಟ್ಟೆ ಉರಿತೈತಿ" ಅಂದ. ದೊಡ್ಡಮ್ಮನೂ ಹೂಂ ಅಂದ್ರು. ಗಿರಾಕಿ ಬರೋ ಮುಂಚೆ ನಾನೊಂದು ವಾರ ಟೈಮ್ ಕೇಳಿದೆ.

ಕೇಳಿದ್ದಕ್ಕೆ ಕಾರಣ ಇತ್ತು. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಅವರ ಹೆಸರು ಕೇಳಿದೀರಾ? 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಹಿಡಿದು ಭಾರತದ ಪರ ಆಡಿದವರು. ಅವರ ವಿಭಾಗಕ್ಕೆ ಎಸ್‌ಎಚ್2 ಅಂತಾರೆ. ತೋಳಿನ ತೊಂದರೆಯಿಂದ ರೈಫಲ್ ಭಾರ ಹೊರಲಾಗದವರು ಸ್ಟ್ಯಾಂಡ್ ಇಟ್ಟುಕೊಳ್ಳಬಹುದು. ಸ್ಟ್ಯಾಂಡ್ ತುದಿಗೆ ಸ್ಪ್ರಿಂಗ್ ಇರುತ್ತೆ. ಭಾರ ಹೊರೋದು ಸ್ಪ್ರಿಂಗು, ಗುರಿ ನಿಲ್ಲಿಸೋದು ಮನುಷ್ಯ. ಆ ಟಾರ್ಗೆಟ್‌ನ ಹತ್ತರ ಚುಕ್ಕೆ ಬರೀ 0.5 ಮಿ.ಮೀ., ಪೆನ್ ಮೊನೆಯಷ್ಟು! ಸ್ಟ್ಯಾಂಡ್ ಇದ್ರೆ ಸುಲಭ ಅನ್ನೋರು ಒಂದ್ಸಲ ಕೂತು ನೋಡಿ.

ಸ್ಪ್ರಿಂಗ್ ಸ್ಟ್ಯಾಂಡ್ ಸದ್ಯಕ್ಕೆ ಸಿಗಲಿಲ್ಲ. ಬೈಪಾಡ್ ಸಿಕ್ತು. ಅಂದ್ರೆ ಎರಡು ಕಾಲಿನ ಸ್ಟ್ಯಾಂಡು. ಅದು ಕಚ್ಚಿಕೊಳ್ಳೋಕೆ ಸ್ಟಾಕ್ ಕೆಳಗೆ ಒಂದು ರೇಲ್ ಬೇಕು. (ರೈಲಲ್ಲ, ರೇಲ್. ಅಂಗಡಿಯವನೂ ನಕ್ಕ.) ಪಿಕಟಿನ್ನಿ ರೇಲ್ ಅಂತ ಹೆಸರು. ಅಮೆರಿಕದ ನ್ಯೂಜೆರ್ಸಿಯ ಪಿಕಟಿನ್ನಿ ಶಸ್ತ್ರಾಗಾರದ ಹೆಸರು ಅದು, ಮಿಲಿಟರಿ ಅಳತೆ ಅಂತ ಪಕ್ಕಾ ಆಗಿದ್ದು 1995ರಲ್ಲಿ. ಅಗಲ 21.2 ಮಿ.ಮೀ., ಪ್ರತಿ ಗಾಡಿ 5.23 ಮಿ.ಮೀ., ಒಂದು ಗಾಡಿಯಿಂದ ಇನ್ನೊಂದಕ್ಕೆ 10 ಮಿ.ಮೀ. ಅದಕ್ಕಿಂತ ಹಳೇದು ವೀವರ್ ರೇಲ್, ಅದರ ಗಾಡಿ ಇನ್ನೂ ಸಣ್ಣ. ಹಾಗಾಗಿ ತಗೊಳ್ಳೋ ಮುಂಚೆ ಯಾವುದು ಅಂತ ಕೇಳಿ.

ಈಗ ಮುಖ್ಯ ವಿಷಯ. ಬಗ್ಗಿಸಿ ಮುರಿಯೋ ಸ್ಪ್ರಿಂಗ್ ರೈಫಲ್ ಇದ್ರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅದರ ಸ್ಟಾಕ್ ಮುಂಭಾಗದ ಅಡಿಯಲ್ಲಿ ಕಾಕಿಂಗ್ ಕಡ್ಡಿ ಓಡಾಡೋಕೆ ಸೀಳು ಇರುತ್ತೆ, ಸ್ಕ್ರೂ ಹಿಡಿಯೋಕೆ ಮರವೇ ಇರಲ್ಲ. ಇನ್ನೊಂದು, ಸ್ಪ್ರಿಂಗ್ ರೈಫಲ್ ಹೊಡೆದಾಗ ಮೈಯೆಲ್ಲ ಕುಣಿಯುತ್ತೆ. ಮೆತ್ತಗೆ ಹಿಡಿದು ಕುಣಿಯೋಕೆ ಬಿಟ್ರೇನೇ ಗುಂಡು ಒಂದೇ ಕಡೆ ಬೀಳೋದು. ಗಟ್ಟಿ ಕಾಲು ಕಟ್ಟಿದ್ರೆ ಗುರಿ ಬೇರೆ ಕಡೆ ಹೋಗುತ್ತೆ. ಅಣ್ಣನದು ಗಾಳಿ ತುಂಬಿಸೋ ಪಿಸಿಪಿ, ಆ ಕುಣಿತ ಇಲ್ಲ. 4.5 ಮಿ.ಮೀ. ಬೋರು, 20 ಜೂಲ್ ಒಳಗೆ. 2016ರ ಆಯುಧ ನಿಯಮದಲ್ಲಿ ಇದಕ್ಕೆ ಲೈಸೆನ್ಸ್ ಬೇಡ.

ಊರಿನ ಆಚಾರ್ರ ಹತ್ತಿರ ತಗೊಂಡು ಹೋದೆ. ಪೆಲೆಟ್ ಇಲ್ಲ ಅಂತ ಎರಡು ಸಲ ನೋಡಿ, ಸ್ಟಾಕ್ ಬಿಚ್ಚಿ, ಬರೀ ಮರ ಕೊಟ್ಟೆ. ಅವರು ಮೊದಲು ಮಾಡಿದ್ದು ಬೆರಳಿಂದ ಒಳಗಿನ ಗಾಡಿ ಮುಟ್ಟಿ ನೋಡಿದ್ದು, ಎಷ್ಟು ದಪ್ಪ ಮರ ಉಳಿದಿದೆ ಅಂತ. "ಬರೀ ಮರದ ಸ್ಕ್ರೂ ಹಾಕಿದ್ರೆ ನಾಲ್ಕು ದಿನಕ್ಕೆ ಕಿತ್ಕೊಂಡ್ ಬರ್ತೈತಿ ತಮ್ಮಾ, ಒಳಗಿಂದ ನಟ್ ಕೂರಿಸಣ" ಅಂದ್ರು. ನಾಲ್ಕನೇ ಫೋಟೋ ನೋಡಿ, ಒಳಗಡೆ ಟಿ-ನಟ್. ತಲೆ ಮರದ ಮಟ್ಟಕ್ಕಿಂತ ಕೆಳಗೆ ಕೂತಿದೆ. ಬೋಲ್ಟ್ ತುದಿನೂ ಅಷ್ಟೇ, ಹೆಚ್ಚಿದ್ದನ್ನ ಕತ್ತರಿಸಿದೀವಿ. ಗಾಳಿ ಸಿಲಿಂಡರ್‌ಗೆ ಲೋಹ ತಾಗಲೇಬಾರದು.

ನಡುಗೆರೆ ಎಳೆಯೋಕೇ ಅರ್ಧ ಗಂಟೆ. ಪೇಪರ್ ಟೇಪ್ ಅಂಟಿಸಿ, ಅದರ ಮೇಲೆ ಪೆನ್ಸಿಲ್ ಗೆರೆ. ರೇಲ್ ಒಂದು ಕೂದಲು ಓರೆಯಾದ್ರೂ ಕಣ್ಣಿಗೆ ಹೊಡೆಯುತ್ತೆ. ಸ್ಟಾಕ್ ಅಡಿ ಗುಂಡಗೆ, ರೇಲ್ ಚಪ್ಪಟೆ. ಅದಕ್ಕೆ ರೇಲ್ ಅಗಲಕ್ಕೆ ಸರಿಯಾಗಿ ಉಳಿಯಿಂದ ಸವರಿ ಮಟ್ಟ ಮಾಡಿದ್ರು. ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡದು. ಬಿಟ್‌ಗೂ ಟೇಪ್ ಸುತ್ತಿ ಆಳದ ಗುರುತು. ಟಿ-ನಟ್ ಸುತ್ತ ಚೂರು ಅರಾಲ್ಡೈಟ್ ಹಾಕಿ ರಾತ್ರಿಯಿಡೀ ಬಿಟ್ವಿ. ಮರುದಿನ ಎರಡೂ ಬೋಲ್ಟ್ ಸ್ವಲ್ಪ ಸ್ವಲ್ಪ, ಒಂದಾದಮೇಲೊಂದು ಬಿಗಿ. ಪೂರ್ತಿ ಜೋರು ಹಾಕಬೇಡಿ, ಮರ ಸೀಳುತ್ತೆ. ಆಚಾರ್ರು ದುಡ್ಡು ತಗೊಳ್ಳಲಿಲ್ಲ, ಟೀ ಕುಡಿದ್ರು.

ಭಾನುವಾರ ಹಿತ್ತಲಲ್ಲಿ ಹಳೇ ಟೇಬಲ್, ಅಣ್ಣ, ಕನ್ನಡಕ ಹಾಕ್ಕೊಂಡ ನಾನು. ಮೊದಲ ಐದು ಎಲ್ಲೆಲ್ಲೋ. ಎಡಗೈಯನ್ನ ಸ್ಟಾಕ್ ಹಿಂಭಾಗದ ಅಡಿಗೆ ಸುಮ್ನೆ ಇಟ್ಕೊ ಅಂದೆ. ಆ ಕೈಗೂ ಒಂದು ಕೆಲಸ ಸಿಕ್ತು, ಮುಷ್ಟಿ ಬಿಗಿಮಾಡಿ ಸಡಿಲಿಸಿ ಹಿಂಬದಿ ಏರಿಸೋದು ಇಳಿಸೋದು. ಮುಂದಿನ ಐದು ಒಂದು ರೂಪಾಯಿ ನಾಣ್ಯದೊಳಗೆ ಕೂತವು. ಕೊನೇ ಫೋಟೋ ಅದೇ. ದೊಡ್ಡಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ರು, ಏನೂ ಮಾತಾಡಲಿಲ್ಲ. ಗಿರಾಕಿಗೆ ಫೋನ್ ಮಾಡಿ ಬೇಡ ಅಂದಿದ್ದು ಅಣ್ಣನೇ.

ಬೈಪಾಡ್ ಸ್ಪರ್ಧೆಗೆ ನಡೆಯಲ್ಲ, ಅವನಿಗೂ ಗೊತ್ತು. ಸ್ಪ್ರಿಂಗ್ ಸ್ಟ್ಯಾಂಡ್ ಮಾಡಿಸೋ ಕಥೆ ಭಾಗ 8ಕ್ಕೆ. ದಾವಣಗೆರೆ, ಹೊನ್ನಾಳಿ, ನ್ಯಾಮತಿ ಕಡೆ ಸ್ಪ್ರಿಂಗ್ ಸುತ್ತಿಕೊಡೋರು ಗೊತ್ತಿದ್ರೆ ಕೆಳಗೆ ಬರೀರಿ.

#ಸೂಳೆಕೆರೆಡೈರಿ #ಚನ್ನಗಿರಿ #ಏರ್‌ರೈಫಲ್