ಟೆಕ್ಸಾಸ್ ನರ್ಸ್ ಡೈರಿ – 31: "ಅಮ್ಮ, ಸ್ವಲ್ಪ ಹೊರಗೆ ಕೂತಿರ್ತೀರಾ?"

ರಾತ್ರಿ ಪಾಳಿಯ ಕಥೆ ಮುಂದುವರಿಸುತ್ತೇನೆ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಇವತ್ತು ಮನೆಯ ವಿಷಯ. ಮಗಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ಅವಳಿಗೆ ಜೂನ್‌ನಲ್ಲಿ 18 ತುಂಬಿತು. ಆಗಸ್ಟ್‌ನಲ್ಲಿ ಹ್ಯೂಸ್ಟನ್‌ನ ಕಾಲೇಜು, ಹಾಸ್ಟೆಲ್ ವಾಸ. ನಮ್ಮ ಫ್ಲೂಗರ್‌ವಿಲ್‌ನಿಂದ ಕಾರಿನಲ್ಲಿ ಎರಡೂವರೆ, ಮೂರು ಗಂಟೆ ದಾರಿ. ಟೆಕ್ಸಾಸ್‌ನಲ್ಲಿ 22 ತುಂಬದವರು ಕಾಲೇಜು ಸೇರುವಾಗ, ವಿನಾಯಿತಿ ಪಡೆದವರನ್ನು ಬಿಟ್ಟರೆ, ಮೆನಿಂಜೈಟಿಸ್ ಲಸಿಕೆಯ ದಾಖಲೆ ಕೊಡಬೇಕು. ಲಸಿಕೆ ಹಾಕಿಸಿ ಐದು ವರ್ಷ ಮೀರಿರಬಾರದು, ತರಗತಿ ಶುರುವಾಗಲು ಕನಿಷ್ಠ 10 ದಿನ ಮೊದಲಾದರೂ ಆಗಿರಬೇಕು. ಅವಳು 11ನೇ ವಯಸ್ಸಿನಲ್ಲಿ ಹಾಕಿಸಿಕೊಂಡದ್ದು ಲೆಕ್ಕಕ್ಕೆ ಬರಲಿಲ್ಲ. ಹಾಗಾಗಿ ಕ್ಲಿನಿಕ್‌ಗೆ ಹೋದೆವು.

ಅಲ್ಲಿಯ ನರ್ಸ್ ನಗುತ್ತಲೇ ಹೇಳಿದಳು, "ಅಮ್ಮ, ಸ್ವಲ್ಪ ಹೊರಗೆ ಕೂತಿರ್ತೀರಾ? ಅವರ ಹತ್ತಿರ ಒಂದೆರಡು ಪ್ರಶ್ನೆ ಕೇಳಬೇಕು."

ಈ ಮಾತನ್ನು ನಾನು ಎಷ್ಟು ತಾಯಂದಿರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನನಗೇ ಯಾರಾದರೂ ಹೇಳಿದ್ದು ಅದೇ ಮೊದಲು. ಇಲ್ಲಿ 18 ತುಂಬಿದ ಮೇಲೆ ಮಕ್ಕಳ ವೈದ್ಯಕೀಯ ವಿವರ ಅವರದ್ದೇ, ಅವರು ಒಪ್ಪದೆ ತಾಯಿಗೂ ಸಿಗುವುದಿಲ್ಲ. ಕಾಲೇಜು ಸೇರಿದರೆ ಮಾರ್ಕ್ಸ್ ಕೂಡ ಹಾಗೇ, 1974ರ ಕಾನೂನಿನ ಪ್ರಕಾರ ಆ ಹಕ್ಕು ವಿದ್ಯಾರ್ಥಿಯದ್ದು, ಫೀಸು ಕಟ್ಟುವವರದ್ದಲ್ಲ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೂ ಹೊರಗಿನ ಕುರ್ಚಿಯಲ್ಲಿ ಕೂತಾಗ ಕಣ್ಣು ತುಂಬಿತು.

ವಾಪಸ್ ಬರುವಾಗ ಕಾರಿನಲ್ಲಿ ಅವಳೇ ಬಾಯಿಬಿಟ್ಟಳು. ಮೇ ತಿಂಗಳಲ್ಲಿ ಗ್ರಾಜುಯೇಷನ್ ಮುಗಿದ ರಾತ್ರಿ ಗೆಳತಿಯೊಬ್ಬಳ ಮನೆಯಲ್ಲಿ ಸೇರಿದ್ದರಂತೆ. ಒಬ್ಬ ಹುಡುಗಿ ವಿಪರೀತ ಕುಡಿದು, ವಾಂತಿ ಮಾಡಿ, ಎಬ್ಬಿಸಿದರೂ ಏಳಲಿಲ್ಲವಂತೆ. ಇವಳು ಅವಳನ್ನು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡು ಕೂತಿದ್ದಾಳೆ. ನನ್ನಿಂದ ಕೇಳಿ ಕಲಿತದ್ದು. ಆದರೆ ಫೋನ್ ಮಾಡಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಇನ್ನೊಬ್ಬಳ ಅಕ್ಕ ಬಂದು 911ಕ್ಕೆ ಕರೆ ಮಾಡಿದಳು. ಹುಡುಗಿ ಬದುಕಿದಳು, ದೇವರ ದಯೆ.

"ನನಗೇಕೆ ಫೋನ್ ಮಾಡಲಿಲ್ಲ ಮಗಾ? ನಾನು ನರ್ಸ್ ಅಲ್ವಾ?"

"ನೀನು ಮೊದಲು ಬೈತೀ, ಆಮೇಲೆ ಮೊಣಕಾಲೂರಿಸಿ ಪ್ರಾರ್ಥನೆ ಮಾಡಿಸ್ತೀ. ಅಷ್ಟರಲ್ಲಿ ಅವಳು ಸತ್ತೇ ಹೋಗ್ತಿದ್ಲು ಅಮ್ಮ."

ಕೆರೆಯ ಪಾರ್ಕಿನ ಹತ್ತಿರ ಕಾರು ನಿಲ್ಲಿಸಿದೆ. ಓಡಿಸುವುದಕ್ಕೆ ಆಗಲಿಲ್ಲ.

ಆರು ತಿಂಗಳಿಂದ ನಾನು ಅವಳನ್ನು ಕಾಲೇಜಿಗೆ ತಯಾರು ಮಾಡುತ್ತಿದ್ದೆ, ಅಥವಾ ಹಾಗೆ ಅಂದುಕೊಂಡಿದ್ದೆ. ಕನ್ನಡ ಬೈಬಲ್ ಒಂದು, ಇಂಗ್ಲಿಷ್ ಬೈಬಲ್ ಒಂದು ಪೆಟ್ಟಿಗೆಯಲ್ಲಿಟ್ಟಿದ್ದೆ. ಹ್ಯೂಸ್ಟನ್‌ನ ಚರ್ಚುಗಳ ಪಟ್ಟಿ ಬರೆದಿದ್ದೆ. ಮಾಡಬಾರದ್ದರ ಪಟ್ಟಿ ಇನ್ನೂ ಉದ್ದ ಇತ್ತು. ತಪ್ಪು ಆಗಿಹೋದ ಮೇಲೆ ಏನು ಮಾಡಬೇಕೆಂದು ಮಾತ್ರ ಒಂದು ಸಾಲೂ ಬರೆದಿರಲಿಲ್ಲ.

ಆಗ ನನ್ನದೇ ಒಂದು ಹಳೆಯ ಕಥೆ ಹೇಳಿದೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನಮ್ಮದು ಕರಾವಳಿಯ ಬಾಸೆಲ್ ಮಿಷನ್ ಪರಂಪರೆಯ ಮನೆ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನರಿಗಳ ಕಥೆ ಕೇಳುತ್ತಲೇ ಬೆಳೆದವರು ನಾವು. ಸಂಡೇ ಸ್ಕೂಲ್, ಕನ್ಫರ್ಮೇಶನ್, ಸಾಯಂಕಾಲದ ಕುಟುಂಬ ಪ್ರಾರ್ಥನೆ, ಯಾವುದೂ ತಪ್ಪಿದ್ದಿಲ್ಲ. ನರ್ಸಿಂಗ್ ಓದಲು ಬೆಂಗಳೂರಿನ ಹಾಸ್ಟೆಲ್ ಸೇರಿದೆ. ಎರಡನೇ ವರ್ಷ ಮಕ್ಕಳ ವಾರ್ಡಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಒಂದು ಮಗು ತೀರಿಹೋಯಿತು. ಅದಕ್ಕಾಗಿ ಎಷ್ಟೋ ರಾತ್ರಿ ಪ್ರಾರ್ಥಿಸಿದ್ದೆ. ಆಮೇಲೆ ಸುಮಾರು ಒಂದು ವರ್ಷ ನಾನು ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಅಮ್ಮನಿಗೆ ಮಾತ್ರ ಪ್ರತಿ ಪತ್ರದಲ್ಲೂ "ಆದಿತ್ಯವಾರದ ಆರಾಧನೆಗೆ ತಪ್ಪದೆ ಹೋಗುತ್ತಿದ್ದೇನೆ" ಎಂದು ಬರೆದೆ. ದೇವರ ಮೇಲಿನ ಸಿಟ್ಟಿಗಿಂತ ಆ ಸುಳ್ಳು ನನ್ನನ್ನು ಹೆಚ್ಚು ಸುಟ್ಟಿತು. ಅಮ್ಮ ತೀರಿಕೊಂಡರು, ಅವರಿಗೆ ಕೊನೆಗೂ ಗೊತ್ತಾಗಲಿಲ್ಲ.

ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ "ಹೇಳಿದ್ರೆ ಅಜ್ಜಿ ಏನು ಮಾಡ್ತಿದ್ರು?" ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ಬಹುಶಃ ಬಸ್ಸು ಹತ್ತಿ ಬರುತ್ತಿದ್ದರು.

ಆ ರಾತ್ರಿ ಲೂಕನ ಸುವಾರ್ತೆಯ 15ನೇ ಅಧ್ಯಾಯ ತೆಗೆದೆ, ತಪ್ಪಿಹೋದ ಮಗನ ಕಥೆ. ಸಂಡೇ ಸ್ಕೂಲ್‌ನಲ್ಲಿ ನಾನೇ ಎಷ್ಟೋ ಸಲ ಕಲಿಸಿದ್ದೇನೆ. ಆದರೆ ಒಂದು ವಿಷಯ ಕಣ್ಣಿಗೆ ಬಿದ್ದಿರಲಿಲ್ಲ. ಹಂದಿಗಳ ಮಧ್ಯೆ ಹಸಿದು ಕೂತಾಗ ಆ ಮಗನಿಗೆ ನೆನಪಾದದ್ದು ಅಪ್ಪನ ಬುದ್ಧಿಮಾತಲ್ಲ. ಅಪ್ಪನ ಮನೆಯಲ್ಲಿ ಕೂಲಿಯಾಳುಗಳಿಗೂ ಹೊಟ್ಟೆ ತುಂಬ ಊಟ ಇತ್ತು ಅನ್ನುವುದು. ವಾಪಸ್ ಹೋಗಬಹುದು ಅನ್ನಿಸಿದ್ದು ಅದರಿಂದ. ಅವನು ಬಾಯಿಪಾಠ ಮಾಡಿಕೊಂಡು ಬಂದ ಕ್ಷಮಾಪಣೆಯನ್ನು ಅಪ್ಪ ಪೂರ್ತಿ ಕೇಳುವುದೂ ಇಲ್ಲ.

ಮರುದಿನ ಹಳೆಯ ಪಟ್ಟಿ ಹರಿದುಹಾಕಿ, ಇಬ್ಬರೂ ಕೂತು ಹೊಸದು ಬರೆದೆವು. ಕಾಲೇಜಿಗೆ ಮಕ್ಕಳನ್ನು ಕಳಿಸುವವರಿಗೆ ಉಪಯೋಗವಾಗಲಿ ಅಂತ ಇಲ್ಲಿ ಹಾಕುತ್ತಿದ್ದೇನೆ.

ಒಂದು. ಕುಡಿದವರು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡ್ ಅಂತರ ಬಿದ್ದರೆ, ಮೈ ತಣ್ಣಗಾದರೆ ಅಥವಾ ತುಟಿ ನೀಲಿಯಾದರೆ ಮೊದಲು 911. "ಮಲಗಿ ಎದ್ದರೆ ಸರಿಹೋಗ್ತಾರೆ" ಅನ್ನುವುದು ತಪ್ಪು. ಮಗ್ಗುಲಿಗೆ ಮಲಗಿಸಿ, ಒಬ್ಬರನ್ನೇ ಬಿಡಬೇಡಿ. ಟೆಕ್ಸಾಸ್‌ನಲ್ಲಿ 2011ರಿಂದ ಒಂದು ಕಾನೂನಿದೆ. ಮೊದಲು ಕರೆ ಮಾಡಿ, ಅಲ್ಲೇ ನಿಂತು, ಬಂದವರಿಗೆ ಸಹಕರಿಸಿದರೆ, 21 ತುಂಬದವರಿಗೆ ತಾವು ಕುಡಿದದ್ದಕ್ಕಾಗಿ ಶಿಕ್ಷೆಯ ಭಯವಿಲ್ಲ.

ಎರಡು. ಅವಳಿಗೆ ಪ್ರಜ್ಞೆ ಇಲ್ಲದಿದ್ದಾಗ ಚಿಕಿತ್ಸೆಯ ನಿರ್ಧಾರ ನಾವು ತೆಗೆದುಕೊಳ್ಳಲು ಅಧಿಕಾರಪತ್ರ. ಅವಳೇ ಓದಿ, ಅವಳೇ ಸಹಿ ಹಾಕಿದಳು.

ಮೂರು. ಮನಸ್ಸು ತೀರಾ ಕುಗ್ಗಿದರೆ 988. ಹಗಲಿರುಳು ಯಾರಾದರೂ ಮಾತಾಡಲು ಸಿಗುತ್ತಾರೆ. ಪ್ರಾರ್ಥನೆ ಮಾಡುವವರೂ ಫೋನ್ ಮಾಡಬಹುದು, ಅದು ಅವಿಶ್ವಾಸವಲ್ಲ.

ನಾಲ್ಕು. ಇದು ನನಗಾಗಿ ಅವಳು ಬರೆದದ್ದು: "ಚರ್ಚಿಗೆ ಹೋದ್ಯಾ ಅಂತ ಕೇಳಬಾರದು. ನಾನೇ ಹೇಳ್ತೇನೆ. ಹೇಳಿದಾಗ ಸತ್ಯ ಹೇಳ್ತೇನೆ."

ನಾನು ಅದಕ್ಕೆ ಸಹಿ ಹಾಕಿದ್ದೇನೆ. ಸುಲಭವಾಗಿರಲಿಲ್ಲ. ನಂಬಿಕೆ ಬಿಟ್ಟುಬಿಟ್ಟರೆ ಅನ್ನುವ ಭಯ ಈಗಲೂ ಇದೆ. ಆದರೆ ಕನ್ಫರ್ಮೇಶನ್ ದಿನ "ಹೌದು" ಅಂದವಳು ಅವಳು, ನಾನಲ್ಲ. ಆ ಉತ್ತರವನ್ನು ಪ್ರತಿ ವಾರ ನಾನು ಹೇಳಿಸಲಿಕ್ಕಾಗುವುದಿಲ್ಲ.

ಹೋದ ಆದಿತ್ಯವಾರ ಆರಾಧನೆ ಮುಗಿಸಿ ಹೊರಗೆ ಬರುವಾಗ ಅವಳ ಫೋನ್ ಬಂತು. ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡು "ಊಟ ಆಯ್ತಾ?" ಅಂದೆ.

"ಇಲ್ಲಮ್ಮ, ಈಗಷ್ಟೇ ಎದ್ದೆ. ನಿನ್ನ ಧ್ವನಿ ಕೇಳ್ಬೇಕು ಅನ್ನಿಸ್ತು, ಮಾಡಿದೆ."

ಸರಿ ಮಗಾ, ಏನಾದ್ರೂ ತಿನ್ನು ಅಂದೆ. ಫೋನ್ ಇಟ್ಟ ಮೇಲೆ ಪಾರ್ಕಿಂಗ್‌ನಲ್ಲೇ ನಿಂತು ಅವಳಿಗಾಗಿ ಪ್ರಾರ್ಥಿಸಿದೆ. ಅದಕ್ಕೆ ನಾಲ್ಕನೇ ನಿಯಮದ ಅಡ್ಡಿಯಿಲ್ಲ.

ನಿಮ್ಮ ಮನೆಗಳಲ್ಲಿ ಹೇಗೆ? ಹಾಸ್ಟೆಲ್‌ನಿಂದ ನೀವು ಮನೆಗೆ ಬರೆದ ಸುಳ್ಳುಗಳಿದ್ದರೆ ಹೇಳಿ, ನಾನು ಬೈಯುವುದಿಲ್ಲ. ರಾತ್ರಿ ಪಾಳಿಯ ಕಥೆ ಮುಂದಿನ ವಾರ, ಖಂಡಿತ.