ಹೆಸರು ಹಿಡಿದು ಬಯ್ಯುತ್ತಿದ್ದವನು

ಮೆನ್ಸಿಗೆ ಹಾಡಲು ಬರುತ್ತಿರಲಿಲ್ಲ. ಅವನ ಅಭಿಮಾನಿಯಾಗಿಯೇ ಈ ಮಾತು ಹೇಳುತ್ತಿದ್ದೇನೆ. ಶ್ರುತಿ ಒಂದು ದಿಕ್ಕು, ಅವನೊಂದು ದಿಕ್ಕು. ಆದರೆ ಪಂಚಾಯ್ತಿ ಕಟ್ಟೆಯಲ್ಲಿ ನ್ಯಾಯ ಕೇಳಲು ನಿಂತವನ ಗಂಟಲಿನಲ್ಲಿ ಶ್ರುತಿ ಹುಡುಕುವವರು ಯಾರು?

ಇಂಗ್ಲೆಂಡಿನ ಈಶಾನ್ಯದಲ್ಲಿ, ಟೈನ್ ನದಿ ಸಮುದ್ರ ಸೇರುವ ಕಡೆ ಸೌತ್ ಶೀಲ್ಡ್ಸ್ ಎಂಬ ಊರಿದೆ. ಕಲ್ಲಿದ್ದಲ ಗಣಿ, ಹಡಗು ಕಟ್ಟುವ ಅಂಗಳ, ಯೆಮೆನ್‌ನಿಂದ ಬಂದು ನೆಲೆ ನಿಂತ ನಾವಿಕರು. 1977ರಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಆ ಊರಿನ ಮಸೀದಿಗೆ ಬಂದು ತನ್ನ ಮದುವೆಗೆ ಆಶೀರ್ವಾದ ಪಡೆದು ಹೋದ. ಅದೇ ವರ್ಷ, ಗಣಿಯಲ್ಲಿ ದುಡಿದಿದ್ದ ಥಾಮಸ್ ಮೆನ್ಸ್‌ಫರ್ತ್, ಅಂದರೆ ನಮ್ಮ ಮೆನ್ಸಿ, ಗೆಳೆಯರನ್ನು ಸೇರಿಸಿಕೊಂಡು ‘ಏಂಜೆಲಿಕ್ ಅಪ್‌ಸ್ಟಾರ್ಟ್ಸ್’ ಎಂಬ ಪಂಕ್ ಸಂಗೀತದ ತಂಡ ಕಟ್ಟಿದ.

1978ರ ಮೊದಲ ರೆಕಾರ್ಡನ್ನು ತಾವೇ ಹೊರತಂದರು. ಅದು ಲಿಡಲ್ ಟವರ್ಸ್ ಎಂಬವನ ಸಾವಿನ ಹಾಡು. ಆತ ಎಲೆಕ್ಟ್ರಿಷಿಯನ್, ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದವನು. 1976ರಲ್ಲಿ ಕ್ಲಬ್ಬೊಂದರ ಹೊರಗೆ ಪೊಲೀಸರು ಹಿಡಿದರು. ಕೆಲವೇ ವಾರಗಳಲ್ಲಿ ತೀರಿಕೊಂಡ. ಮೊದಲ ವಿಚಾರಣೆ ಅದನ್ನು ‘ಸಮರ್ಥನೀಯ ನರಹತ್ಯೆ’ ಎಂದಿತು. ಹತ್ಯೆಯೂ ಹೌದಂತೆ, ಸರಿಯೂ ಹೌದಂತೆ! ಮೆನ್ಸಿ ಸತ್ತವನ ಹೆಸರನ್ನೇ ಹಾಡಿನ ಹೆಸರಾಗಿಸಿ, ಅದು ಕೊಲೆ ಎಂದು ಕೂಗಿದ. ವೇದಿಕೆಯ ಮೇಲೆ ಹಂದಿಯ ತಲೆಗೆ ಪೊಲೀಸ್ ಟೋಪಿ ತೊಡಿಸಿ ಒದೆಯುತ್ತಿದ್ದರು. ನನ್ನಂಥ ಸಭ್ಯನಿಗೆ ಅದು ಕೊಂಚ ಅತಿಯೆನಿಸುತ್ತದೆ. ಸತ್ತವನ ಮನೆಯವರಿಗೆ ಏನನಿಸಿತ್ತೋ.

1979ರಲ್ಲಿ ನಾರ್ಥಂಬರ್‌ಲ್ಯಾಂಡಿನ ಆಕ್ಲಿಂಗ್ಟನ್ ಜೈಲಿನೊಳಗೇ ಹೋಗಿ ಕೈದಿಗಳಿಗೆ ಹಾಡಿ ಬಂದರು. ಅದೇ ವರ್ಷ ದೊಡ್ಡ ಕಂಪನಿಯಿಂದ ‘ಟೀನೇಜ್ ವಾರ್ನಿಂಗ್’ ಆಲ್ಬಮ್ ಬಂತು. ಟಿವಿ, ಜನಪ್ರಿಯ ಹಾಡುಗಳ ಪಟ್ಟಿಯಲ್ಲೊಂದು ಜಾಗ, ನಾಲ್ಕು ದಿನದ ವೈಭವ. 1981ರ ‘ಟೂ ಮಿಲಿಯನ್ ವಾಯ್ಸಸ್’ ಇಪ್ಪತ್ತು ಲಕ್ಷ ನಿರುದ್ಯೋಗಿಗಳ ದನಿ; ಮರುವರ್ಷವೇ ನಿರುದ್ಯೋಗಿಗಳು ಮೂವತ್ತು ಲಕ್ಷ ದಾಟಿ, ಆಲ್ಬಮ್ಮಿನ ಹೆಸರೇ ಹಳತಾಯಿತು.

ಬೆಂಗಳೂರಿನಲ್ಲಿ ಕೂತು ಇವನ್ನೆಲ್ಲ ಬಹಳ ತಡವಾಗಿ ಕೇಳಿದ ನನಗೆ ಮೊದಲು ಅಳುಕಿತ್ತು. ಬೋಳಿಸಿದ ತಲೆ, ದಪ್ಪ ಬೂಟು ಎಂದರೆ ನಮ್ಮ ಬಣ್ಣದವರನ್ನು ಅಟ್ಟಿಸಿಕೊಂಡು ಬರುವವರೆಂದೇ ಲೆಕ್ಕ. ಅಂಥವರು ಈ ತಂಡದ ಕಛೇರಿಗಳಿಗೂ ನುಗ್ಗುತ್ತಿದ್ದರು. ವಲಸಿಗರನ್ನು ವಿರೋಧಿಸುವ ಬಲಪಂಥೀಯ ಪಕ್ಷ ನ್ಯಾಷನಲ್ ಫ್ರಂಟಿನವರೊಂದಿಗೆ ಮೆನ್ಸಿ ಬಾಯಲ್ಲೂ ಕೈಯಲ್ಲೂ ಜಗಳವಾಡಿದ. ‘ಇಂಗ್ಲೆಂಡ್’ ಎಂಬ ಹಾಡನ್ನೂ ಹಾಡಿದ. ನಾಡಿನ ಪ್ರೀತಿಯನ್ನು ಜನಾಂಗದ್ವೇಷಿಗಳ ಪಾಲಿಗೆ ಬಿಟ್ಟುಕೊಡಲು ಅವನಿಗೆ ಇಷ್ಟವಿರಲಿಲ್ಲವೆಂದೇ ನಾನು ತಿಳಿದಿದ್ದೇನೆ. ಮೆನ್ಸಿ ಬಯ್ದದ್ದು ಹೆಸರು ಹಿಡಿದು; ಈಗಿನ ಸಿಟ್ಟಿನ ಹಾಡುಗಳು ‘ವ್ಯವಸ್ಥೆ’ಯನ್ನು ಬಯ್ಯುತ್ತವೆ. ವ್ಯವಸ್ಥೆ ಯಾವ ಬೀದಿಯಲ್ಲಿದೆ, ಯಾವ ಠಾಣೆಯಲ್ಲಿದೆ ಎಂದು ಕೇಳಿದರೆ ಉತ್ತರವಿಲ್ಲ.

ಸೌತ್ ಶೀಲ್ಡ್ಸಿನ ಕೊನೆಯ ಗಣಿ ವೆಸ್ಟೋ 1993ರಲ್ಲಿ ಮುಚ್ಚಿತು. ಅಲ್ಲೀಗ ಮನೆಗಳೆದ್ದಿವೆ. ಗಣಿ ಮುಚ್ಚಿದರೂ ಮೆನ್ಸಿಯ ಬಾಯಿ ಮುಚ್ಚಲಿಲ್ಲ. ತಂಡದಲ್ಲಿ ಬಂದವರೆಷ್ಟೋ, ಹೋದವರೆಷ್ಟೋ. ಅವನು ಮಾತ್ರ ಅರವತ್ತರ ಹೊಸ್ತಿಲಿಗೆ ಬಂದರೂ ಬಯ್ಯುತ್ತಲೇ ಇದ್ದ. 2015ರ ಆಲ್ಬಮ್ಮಿನ ಹೆಸರೇ ಆಕ್ಸ್‌ಫರ್ಡಿನ ಬುಲಿಂಗ್ಡನ್ ಕ್ಲಬ್ಬಿನ ಸಿರಿವಂತ ಹುಡುಗರಿಗೊಂದು ಬೈಗುಳ. ಆಗಿನ ಪ್ರಧಾನಿ ಕ್ಯಾಮರೂನ್ ಒಂದು ಕಾಲಕ್ಕೆ ಅದೇ ಕ್ಲಬ್ಬಿನ ಸದಸ್ಯ.

2021ರ ಡಿಸೆಂಬರಿನಲ್ಲಿ ಸುದ್ದಿ ಬಂತು. ಅರವತ್ತೈದು ವಯಸ್ಸು, ಕೋವಿಡ್. ಆ ವರ್ಷ ಸಾವಿನ ಸುದ್ದಿ ಕೇಳಿ ಕೇಳಿ ನಮ್ಮ ಕಿವಿ ಜಡ್ಡುಗಟ್ಟಿತ್ತು. ಆದರೂ ಇದು ನಾಟಿತು. ಯಾರ ಹೆಸರು ಹಿಡಿದು ಬಯ್ಯಬೇಕೆಂದು ತಿಳಿಯದ ಸಾವು, ಅದೂ ಅವನಿಗೆ!